ರೇವಿನ ಬಾವಿ

ಬಂಗಾರಪೇಟೆ ಸ್ಟೇಷನ್ನಿನ ಆಚೆ, ಕೋಲಾರದಿಂದ ಬರುವ ಚಿಕ್ಕ ರೈಲಿನ ಹಳಿಯೂ ಮದರಾಸಿನ ದೊಡ್ಡ ರೈಲಿನ ಹಳಿಯೂ ಅಕ್ಕಪಕ್ಕ ಬಂದು ನಿಲ್ಲುವ ಕಡೆ, ಹನ್ನೆರಡು ಎಕರೆಯ ಒಂದು ಬಯಲಿತ್ತು. ಊರವರೆಲ್ಲ ಅದನ್ನು ರೇವು ಅನ್ನುತ್ತಿದ್ದರು. ಸಮುದ್ರ ಅಲ್ಲಿಂದ ನೂರೆಂಬತ್ತು ಮೈಲಿ ದೂರ. ಮದರಾಸಿನ ಬಂದರಿನಲ್ಲಿ ಮೂಟೆ ಹೊತ್ತು ಬಂದಿದ್ದ ಯಾವನೋ ತೆಲುಗಿನ ಮೇಸ್ತ್ರಿ ಮೊದಲು ಹಾಗೆ ಕರೆದನಂತೆ, ಹೆಸರು ಹಾಗೇ ನಿಂತುಬಿಟ್ಟಿತು. ಚಿಂತಾಮಣಿ, ಕೋಲಾರದ ಬೆಲ್ಲ, ಹುಣಸೆಹಣ್ಣು, ಆಲೂಗಡ್ಡೆ ಚಿಕ್ಕ ರೈಲಿನಿಂದ ಇಳಿದು ದೊಡ್ಡ ರೈಲಿಗೆ ಏರುತ್ತಿದ್ದದ್ದು ಅಲ್ಲೇ. ಹಡಗಿನಲ್ಲಿ ಮದರಾಸಿಗೆ ಬಂದ ಕಬ್ಬಿಣದ ಪೆಟ್ಟಿಗೆ, ತಂತಿಹಗ್ಗ, ತೇಗದ ದಿಮ್ಮಿ ಇಳಿದು ಚಿನ್ನದ ಗಣಿಯ ಗಾಡಿಗೆ ಏರುತ್ತಿದ್ದದ್ದೂ ಅಲ್ಲೇ. ಎಲ್ಲವೂ ಮನುಷ್ಯರ ಬೆನ್ನಿನ ಮೇಲೆ.

ಮುನಿರತ್ನಮ್ಮ ಬೂದಿಕೋಟೆ ಕಡೆಯ ಹುಡುಗಿ. ಹದಿನಾರಕ್ಕೆ ಮದುವೆಯಾಗಿ ರೇವಿಗೆ ಬಂದವಳು. ಗಂಡ ಕದಿರಪ್ಪ ಮೂಟೆ ಹೊರುತ್ತಿದ್ದ, ಇವಳು ಇತರ ಹೆಂಗಸರ ಜೊತೆ ಷೆಡ್ಡಿನಲ್ಲಿ ಚೆಲ್ಲಿದ ರಾಗಿ, ಕಡಲೆಕಾಯಿ ಗುಡಿಸಿ, ಮೊರದಲ್ಲಿ ಕೇರಿ, ಸಾಹುಕಾರರಿಗೆ ಮುಕ್ಕಾಲು ಪಾಲು ಕೊಟ್ಟು ಕಾಲು ಪಾಲು ಮನೆಗೆ ತರುತ್ತಿದ್ದಳು. ಬಯಲಿನ ಹಿಂದೆ, ಬೇವಿನ ಸಾಲಿನ ಪಕ್ಕ ಇಪ್ಪತ್ತಮೂರು ಗುಡಿಸಲು. ಅದರಲ್ಲಿ ಇವಳದೂ ಒಂದು.

ಅಲ್ಲಿ ಇಲ್ಲದಿದ್ದದ್ದು ನೀರು. ಎಂಜಿನ್ನಿಗೆ ನೀರು ತುಂಬುವ ಕೊಳಾಯಿಯ ಕೆಳಗೆ ಬಿಂದಿಗೆ ಹಿಡಿದು ನಿಂತರೆ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಅಟ್ಟುತ್ತಿದ್ದ. ಊರ ಬಾವಿಯಲ್ಲಿ ಇವರನ್ನು ಸೇದಗೊಡುತ್ತಿರಲಿಲ್ಲ. ಕೆಲವು ದಿನ ಮುನಿರತ್ನಮ್ಮ ಎಂಜಿನ್ನಿನಿಂದ ಸೋರುವ ಬಿಸಿನೀರನ್ನೇ ಹಿಡಿದು, ಆರಿಸಿ, ಮುದ್ದೆಗೆ ಇಟ್ಟದ್ದುಂಟು. ಆ ಮುದ್ದೆ ಎಣ್ಣೆಯ ವಾಸನೆ ಹೊಡೆಯುತ್ತಿತ್ತು.

ಬಾವಿ ತೋಡೋಣ ಅಂದವನು ಕೋದಂಡಪ್ಪ. ಅವನು ಗಣಿಯಲ್ಲಿ ಹದಿನಾಲ್ಕು ವರ್ಷ ನೆಲದ ಕೆಳಗೆ ಬಂಡೆಗೆ ರಂಧ್ರ ಕೊರೆದು, ಎದೆಯಲ್ಲಿ ಕೆಮ್ಮು ಕಟ್ಟಿಕೊಂಡು, ಕೆಲಸ ಬಿಟ್ಟು ರೇವಿಗೆ ಬಂದಿದ್ದ. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು. ಕದಿರಪ್ಪನಿಗೆ ಅವನೆಂದರೆ ಪ್ರಾಣ. ನಲವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಇಬ್ಬರೂ ಭಾನುವಾರ ಭಾನುವಾರ ಅಗೆಯತೊಡಗಿದರು. ಗಂಡಸರು ಬಂದು ಕೈ ಹಾಕಿದರು, ಹೆಂಗಸರು ಮಣ್ಣು ಹೊತ್ತರು. ಹದಿನೆಂಟು ಅಡಿಗೆ ಕರಿಬಂಡೆ ಸಿಕ್ಕಿತು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತೇ ಹೊರತು ಚೂರೂ ಏಳಲಿಲ್ಲ. ಕೋದಂಡಪ್ಪ ಬಂಡೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಿದ್ದನಂತೆ, ಕುದುರೆಯ ಮೈ ನೇವರಿಸುವವನ ಹಾಗೆ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಕದಿರಪ್ಪ ಹೆಂಡತಿಯ ಕಿವಿಯಲ್ಲಿ ಹೇಳಿದ: ಕೋದಂಡ ಗಣಿಯ ಹಳೇ ಗೆಳೆಯರಿಂದ ಸಿಡಿಮದ್ದು ತಂದಿದ್ದಾನೆ, ಊಟದ ಕ್ಯಾರಿಯರಿನಲ್ಲಿ ಬಚ್ಚಿಟ್ಟುಕೊಂಡು. ಯಾರ ಹತ್ತಿರವೂ ಬಾಯಿ ಬಿಡಬೇಡ, ಗೊತ್ತಾದರೆ ಅವನನ್ನು ಜೈಲಿಗೆ ಹಾಕುತ್ತಾರೆ. ಗೂಡ್ಸ್ ಗಾಡಿಯ ಡಬ್ಬಗಳು ಒಂದಕ್ಕೊಂದು ಗುದ್ದಿಕೊಂಡು ಸದ್ದು ಮಾಡುವ ಹೊತ್ತನ್ನೇ ಕಾದು, ಹನ್ನೊಂದು ಸಲ ಮದ್ದು ಸಿಡಿಸಿದರು. ಸ್ಟೇಷನ್ನಿನಲ್ಲಿ ಯಾರೂ ಕತ್ತೆತ್ತಿ ನೋಡಲಿಲ್ಲ. ಮೂವತ್ತೊಂದನೆಯ ಅಡಿಗೆ ನೀರು ಬಂತು. ಸಿಹಿನೀರು. ಕೋದಂಡಪ್ಪ ಮೊದಲ ಬಿಂದಿಗೆಯನ್ನು ಮುನಿರತ್ನಮ್ಮನ ಕೈಗೆ ಕೊಟ್ಟ.

ಕದಿರಪ್ಪ ಐವತ್ತೆರಡನೆಯ ಇಸವಿಯಲ್ಲಿ ಜ್ವರ ಬಂದು ತೀರಿಹೋದ. ಮಕ್ಕಳಿರಲಿಲ್ಲ. ಆಮೇಲೆ ಅವಳ ಕಷ್ಟಸುಖ ಕೇಳುತ್ತಿದ್ದವನು ಕೋದಂಡಪ್ಪನೇ. ಶನಿವಾರ ಶನಿವಾರ ಬಂದು ಅವಳ ಬಾಗಿಲಲ್ಲಿ ಕೂತು ಉಂಡು ಹೋಗುತ್ತಿದ್ದ. ಅಣ್ಣ ಎಂದು ಅವಳು ಕರೆಯುತ್ತಿದ್ದಳು. ಜನ ಬೇರೆ ಏನಾದರೂ ಅಂದಿದ್ದರೆ ಅದು ಇವರ ಕಿವಿಗೆ ಬೀಳಲಿಲ್ಲ.

ಐವತ್ತೇಳರಲ್ಲಿ ಹಳಿಯ ಆ ಬದಿಗೆ ಹೊಸ ಗೂಡ್ಸ್ ಷೆಡ್ಡು ಎದ್ದಿತು. ಸಿಮೆಂಟಿನ ಕಟ್ಟೆ, ಮೂಟೆ ಎತ್ತುವ ಯಂತ್ರ. ರೇವು ಖಾಲಿಯಾಯಿತು. ಹಳೆಯ ಷೆಡ್ಡಿನ ತಗಡು ಹರಾಜಾಯಿತು, ಹಳಿಗಳನ್ನು ಕಿತ್ತು ಕೊಂಡೊಯ್ದರು. ಗಂಡಸರು ಹೊಸ ಷೆಡ್ಡಿನಲ್ಲಿ ಕೆಲಸಕ್ಕೆ ಹೋದರು, ಆದರೆ ಅಲ್ಲಿ ನೆಲಕ್ಕೆ ಚೆಲ್ಲುವುದು ಕಡಿಮೆ, ಹೆಂಗಸರಿಗೆ ಕೆಲಸವಿರಲಿಲ್ಲ. ಮರುವರ್ಷ ಸುದ್ದಿ ಬಂತು, ಆ ಬಯಲಿನಲ್ಲಿ ಹೊಸ ಬಡಾವಣೆ ಮಾಡುತ್ತಾರಂತೆ. ರಸ್ತೆ, ಚರಂಡಿ, ದೀಪದ ಕಂಬ, ನೂರಹತ್ತು ಸೈಟು. ಗುಡಿಸಲಿನವರನ್ನು ಏನು ಮಾಡುತ್ತಾರೋ ಎಂಬ ಹೆದರಿಕೆ ಎಲ್ಲರಿಗೂ. ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾನೆ ಎಂದು ಗೊತ್ತಾದ ವಾರದಲ್ಲೇ ಕೋದಂಡಪ್ಪನಿಗೆ ಕೆಮ್ಮಿನಲ್ಲಿ ರಕ್ತ ಬಂತು. ಗಣಿಯ ಚಾಂಪಿಯನ್ ರೀಫಿನಿಂದ ಮಗಳು, ಅಳಿಯ ಬಂದು ಅವನನ್ನು ಕೂಲಿಗಳ ಸಾಲಿನಲ್ಲಿದ್ದ ತಮ್ಮ ಲೈನು ಮನೆಗೆ ಕರೆದುಕೊಂಡು ಹೋದರು. ಹೋಗುವಾಗ ಅವನು ಮುನಿರತ್ನಮ್ಮನಿಗೆ ಹೇಳಿದ್ದು ಒಂದೇ ಮಾತು, ನೀನು ದೊಡ್ಡೋಳು, ಎಲ್ಲರ ಪರವಾಗಿ ಮಾತಾಡು.

ಅಧಿಕಾರಿಯ ಹೆಸರು ಆದಿನಾರಾಯಣ. ಇನ್ನೂ ಮೂವತ್ತು ದಾಟದವನು, ಬಿಸಿಲಿನಲ್ಲಿ ಛತ್ರಿಯಿಲ್ಲದೆ ಬಂದ. ಬೇವಿನ ಕೆಳಗೆ ಮಡಿಸುವ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಕೇಳಿದ. ಯಾವಾಗ ಬಂದಿರಿ, ಏನು ದಾಖಲೆಯಿದೆ. ಯಾರ ಬಳಿಯೂ ಏನೂ ಇರಲಿಲ್ಲ. ಗುಡಿಸಲು ವರ್ಷ ವರ್ಷ ಹೊಸ ಹುಲ್ಲು ಹೊದಿಸಿಕೊಳ್ಳುತ್ತದೆ, ಅದಕ್ಕೆ ವಯಸ್ಸು ಹೇಳುವವರಾರು. ಮತದಾರರ ಪಟ್ಟಿಯಲ್ಲಿ ಹೆಸರುಗಳಿದ್ದವು, ಅದು ಐವತ್ತೆರಡರದು. ಕೊನೆಗೆ ಅವನು ಎದ್ದು ಹೋಗಿ ಬಾವಿಯನ್ನು ಬಗ್ಗಿ ನೋಡಿ ಬಂದ. ಮುನಿರತ್ನಮ್ಮನನ್ನು ಕರೆದು ಕೂರಿಸಿ ಕೇಳಿದ.

"ಈ ಬಾವಿ ಯಾರು ತೋಡಿದ್ದಮ್ಮ?"

ಮೇಜಿನ ಪಕ್ಕ ಒಬ್ಬ ಪೊಲೀಸಿನವನು ಸುಮ್ಮನೆ ಕಡಲೆಕಾಯಿ ತಿನ್ನುತ್ತ ನಿಂತಿದ್ದ. ಅವಳಿಗೆ ಕಂಡದ್ದು ಅವನೊಬ್ಬನೇ. ನಾವು ತೋಡಿದೆವು ಅಂದರೆ ಬಂಡೆ ಹೇಗೆ ಒಡೆದಿರಿ ಎಂದು ಕೇಳುತ್ತಾರೆ, ಮದ್ದು ಎಲ್ಲಿಂದ ಬಂತು ಎಂದು ಕೇಳುತ್ತಾರೆ, ರಕ್ತ ಕೆಮ್ಮುತ್ತ ಮಲಗಿರುವವನನ್ನು ಹೋಗಿ ಎಳೆದು ತರುತ್ತಾರೆ.

"ರೈಲ್ವೆಯೋರೇ ತೋಡಿಸಿದ್ದು ಸ್ವಾಮಿ," ಅಂದಳು. "ನಾವು ಬರೋಕ್ ಮುಂಚೇನೇ ಇತ್ತು."

ಅವನು ಪೆನ್ನು ಕೆಳಗಿಟ್ಟ. ಯೋಚನೆ ಮಾಡಿ ಹೇಳಿ ಎಂದ. ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ಪಕ್ಕದ ಗುಡಿಸಲಿನ ಪಾಪಕ್ಕ ಹತ್ತು ಮಾರು ದೂರದಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಅವಳಿಗೆ ಈ ಮಾತು ಕೇಳಿಸಲಿಲ್ಲ. ಆದಿನಾರಾಯಣ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಸಂಜೆ ಮುನಿರತ್ನಮ್ಮ ಸಮಾಧಾನವಾಗಿ ಉಂಡಳು. ಒಬ್ಬ ಮನುಷ್ಯನನ್ನು ಕಾಪಾಡಿದೆ ಎಂದೇ ಅವಳ ಎಣಿಕೆ.

ಎರಡು ತಿಂಗಳಿಗೆ ಆದಿನಾರಾಯಣನೇ ಬಂದು ತೀರ್ಮಾನ ತಿಳಿಸಿದ. ಅಂಚೆಯಲ್ಲಿ ಕಳಿಸಬಹುದಾಗಿದ್ದನ್ನು ತಾನೇ ತಂದಿದ್ದ. ಹತ್ತು ವರ್ಷದಿಂದ ನೆಲಸಿದವರಿಗೆ ಬಡಾವಣೆಯಲ್ಲೇ ಸೈಟು ಕೊಡಬೇಕೆಂಬ ನಿಯಮವಿತ್ತು, ಆದರೆ ಹತ್ತು ವರ್ಷದ ಗುರುತು ಸಿಗಲಿಲ್ಲ. ಇಪ್ಪತ್ತಮೂರು ಮನೆಯವರೂ ಯುಗಾದಿಯ ಹೊತ್ತಿಗೆ ಬೂದಿಕೋಟೆ ರಸ್ತೆಯ ಕಲ್ಲುದಿಣ್ಣೆಗೆ ಹೋಗಬೇಕು. ಅದು ಎರಡು ಮೈಲಿ ದೂರ. ಜನ ಸುಮ್ಮನೆ ಕೇಳಿಸಿಕೊಂಡು ಚದುರಿದರು, ಇದಕ್ಕಿಂತ ಹೆಚ್ಚಿನದನ್ನು ಅವರು ನಿರೀಕ್ಷಿಸಿಯೂ ಇರಲಿಲ್ಲ. ಎಲ್ಲರೂ ಹೋದ ಮೇಲೆ ಅವನು ಮುನಿರತ್ನಮ್ಮನ ಕಡೆ ತಿರುಗಿದ.

"ಆ ಬಾವಿ ನಿಮ್ಮದೇ ಅಂತ ನನಗೆ ಅನಿಸಿತ್ತಮ್ಮ. ರೈಲ್ವೆಯವರು ತೋಡಿದರೆ ಕಲ್ಲು ಹಾಗೆ ಕಟ್ಟೋದಿಲ್ಲ. ಹತ್ತು ವರ್ಷದ ಹಿಂದೆ ನಾವೇ ತೋಡಿದ್ದು ಅಂತ ಒಂದು ಮಾತು ಹೇಳಿದ್ದರೆ ನನಗೆ ಅಷ್ಟು ಸಾಕಿತ್ತು."

ಅವಳು ಬೇವಿನ ಬುಡಕ್ಕೆ ಒರಗಿದಳು. ಬಂಡೆ ಹೇಗೆ ಒಡೆದಿರಿ ಅಂತ ಕೇಳುತ್ತಿರಲಿಲ್ಲವಾ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಅದು ನನಗೇಕೆ ಬೇಕು ಎಂದ ಅವನು. ಈಗ ತಿದ್ದಬಹುದಾ ಎಂದಳು. ಕಡತ ಕೋಲಾರಕ್ಕೆ ಹೋಗಿದೆ, ತೋಡಿದವರು ಯಾರಾದರೂ ಬದುಕಿದ್ದರೆ ಒಂದು ತಿಂಗಳೊಳಗೆ ಅವರೇ ಬಂದು ಹೇಳಿಕೆ ಕೊಡಬೇಕು, ಕೊಟ್ಟರೆ ನೋಡೋಣ ಎಂದು ಹೇಳಿ ಅವನು ಸೈಕಲ್ ಹತ್ತಿದ.

ಇದಾದ ಮೂರನೆಯ ದಿನ ಅವಳು ಗಣಿಯ ಕಡೆ ಹೋಗುವ ಮಾರಿಕುಪ್ಪಂ ಗಾಡಿ ಹತ್ತಿ ಚಾಂಪಿಯನ್ ರೀಫಿಗೆ ಹೋದಳು. ಮಡಿಲಲ್ಲಿ ಒಂದು ಸೇರು ಕಡಲೆಕಾಯಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಹೀಗೆ ಹೀಗಾಯಿತಣ್ಣ, ನಿನಗೇನಾಗುತ್ತದೋ ಎಂದು ಹೆದರಿ ಸುಳ್ಳು ಹೇಳಿಬಿಟ್ಟೆ, ಈಗ ನೀನು ಬಂದು ಹೇಳಬೇಕು. ಕಷ್ಟದ ಮಾತೇನೂ ಆಗಿರಲಿಲ್ಲ.

ಕೋದಂಡಪ್ಪ ತಗಡಿನ ಸೂರಿನ ಕೆಳಗೆ ಹಗ್ಗದ ಮಂಚದ ಮೇಲೆ ಒರಗಿ ಕೂತಿದ್ದ. ಅರ್ಧ ಆಗಿಹೋಗಿದ್ದ. ಅವಳನ್ನು ಕಂಡು ಮುಖ ಅರಳಿತು. ಮಗಳು ತಮಿಳು ಬೆರೆಸಿ ಮಾತಾಡುತ್ತ ಕಾಫಿ ತಂದಳು, ಅಪ್ಪನನ್ನು ಜಾಸ್ತಿ ಮಾತಾಡಿಸಬೇಡಿ ಎಂದು ಕಣ್ಣಲ್ಲೇ ಹೇಳಿದಳು. ಅವನು ರೇವಿನ ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸಿದ.

"ನೀರು ಎಷ್ಟೈತೆ ಈಗ?" ಎಂದ.

"ಹನ್ನೆರಡು ಅಡಿ ಐತೆ ಅಣ್ಣ."

"ಬ್ಯಾಸಿಗೇಲೂ ಅಷ್ಟೇ ಇರ್ತದೆ. ಆ ಬಂಡೆ ಅಂಥದು. ನೀನ್ ನೋಡ್ತಿರು, ನಾವೆಲ್ಲ ಓದ್ಮೇಲೂ ಆ ಬಾವಿ ಇರ್ತದೆ."

ಇವನ ಬಾವಿಯನ್ನು ಇವನದಲ್ಲ ಎಂದು ಹೆಬ್ಬೆಟ್ಟು ಒತ್ತಿ ಬಂದಿದ್ದೇನೆ ಎಂಬುದನ್ನು ಆ ಮುಖ ನೋಡಿಕೊಂಡು ಹೇಗೆ ಹೇಳುವುದು. ಕಾಫಿ ಕುಡಿದಳು. ಕಡಲೆಕಾಯಿ ಕೊಟ್ಟಳು. ಕೆಮ್ಮು ಬಂದು ಅವನು ಬಗ್ಗಿದಾಗ ಬೆನ್ನು ಸವರಿದಳು. ಇನ್ನೊಮ್ಮೆ ಬಂದಾಗ ಹೇಳೋಣ, ಇನ್ನೂ ದಿನ ಇದೆ ಎಂದುಕೊಂಡು ಸಂಜೆಯ ಗಾಡಿಗೆ ವಾಪಸಾದಳು. ಆ ಇನ್ನೊಮ್ಮೆ ಬರಲಿಲ್ಲ. ತಿಂಗಳು ಕಳೆಯಿತು.

ಯುಗಾದಿಗೆ ಮೊದಲೇ ಇಪ್ಪತ್ತಮೂರು ಮನೆಯವರು ಬಿದಿರಿನ ಗಳ, ಚಾಪೆ, ಪಾತ್ರೆ ಹೊತ್ತು ಕಲ್ಲುದಿಣ್ಣೆಗೆ ಹೋದರು. ಅಲ್ಲಿ ನೆರಳಿಗೆ ಒಂದು ಜಾಲಿ ಗಿಡ. ನೀರಿಗೆ ಅರ್ಧ ಮೈಲಿಯಾಚೆಯ ಮಳೆನೀರಿನ ಕುಂಟೆ, ಚೈತ್ರ ಕಳೆದರೆ ಅದರಲ್ಲಿ ಕೆಸರು. ಪಾಪಕ್ಕನ ಸೊಸೆ ಬಸುರಿ, ದಿನಕ್ಕೆ ನಾಲ್ಕು ಸಲ ಆ ದಾರಿ ನಡೆಯುತ್ತಿದ್ದಳು. ಮುನಿರತ್ನಮ್ಮ ಅವಳ ಬಿಂದಿಗೆಯನ್ನು ತಾನು ಹೊತ್ತು ತರುತ್ತಿದ್ದಳು. ಎಷ್ಟು ಒಳ್ಳೆಯವಳು ಎಂದು ಪಾಪಕ್ಕ ಎಲ್ಲರ ಮುಂದೆ ಹೊಗಳಿದರೆ ಅವಳಿಗೆ ನೆಲ ಬಿರಿಯಬಾರದೇ ಅನಿಸುತ್ತಿತ್ತು.

ರೇವಿನಲ್ಲಿ ರಸ್ತೆಗಳು ಬಂದವು. ಗುಡಿಸಲಿದ್ದ ಕಡೆ ಸುಣ್ಣದ ಗೆರೆ ಎಳೆದರು, ಆಮೇಲೆ ಗೋಡೆಗಳೆದ್ದವು, ಕೆಂಪು ಹೆಂಚು, ಹಸಿರು ಬಣ್ಣದ ಕಿಟಕಿ, ಗೇಟಿನ ಪಕ್ಕ ಕಣಗಿಲೆ. ಗಣಿಯ ಆಫೀಸುಗಳಿಂದ ನಿವೃತ್ತರಾದವರು, ಮಂಡಿ ವರ್ತಕರು, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವ ಗುಮಾಸ್ತರು ಮನೆ ಕಟ್ಟಿಕೊಂಡರು. ಸಾಯಂಕಾಲ ದೀಪದ ಕಂಬಗಳ ಕೆಳಗೆ ಮಕ್ಕಳು ಆಡುತ್ತಿದ್ದರು. ಚೆನ್ನಾಗಿಯೇ ಇತ್ತು, ಅದನ್ನು ಮುನಿರತ್ನಮ್ಮ ಇಲ್ಲ ಅನ್ನಲಾರಳು. ಕಲ್ಲುದಿಣ್ಣೆಯ ಹೆಂಗಸರು ಆ ಮನೆಗಳಿಗೆ ಮುಸುರೆ ತಿಕ್ಕಲು ಹೋಗುತ್ತಿದ್ದರು. ಅವಳಿಗೆ ಸಿಕ್ಕಿದ್ದು ವರಲಕ್ಷ್ಮಮ್ಮ ಎಂಬುವವರ ಮನೆ. ಬಾವಿ ಇದ್ದದ್ದು ಅವರದೇ ಸೈಟಿನಲ್ಲಿ. ಬಾವಿಯ ಸಲುವಾಗಿಯೇ ಆ ಸೈಟಿಗೆ ಹೆಚ್ಚು ಬೆಲೆ ಕೊಟ್ಟಿದ್ದರಂತೆ. ಒಲ್ಲೆ ಅನ್ನಬಹುದಿತ್ತು, ಬೇರೆ ಮನೆಗಳಿದ್ದವು. ಆದರೂ ಹೋದಳು. ವರಲಕ್ಷ್ಮಮ್ಮ ಒಳ್ಳೆಯ ಹೆಂಗಸು, ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತಿದ್ದರು, ದೊಡ್ಡ ದನಿ ಮಾಡುತ್ತಿರಲಿಲ್ಲ. ಮುನಿರತ್ನಮ್ಮ ದಿನಾ ಮೂವತ್ತು ಕೊಡ ಸೇದಿ ಅವರ ತೊಟ್ಟಿ ತುಂಬುತ್ತಿದ್ದಳು.

ಅರವತ್ತೊಂದರಲ್ಲಿ ಕೋದಂಡಪ್ಪ ವಾಪಸು ಬಂದ. ರಕ್ತ ನಿಂತಿತ್ತು, ಕೆಲಸ ಮಾಡುವ ಶಕ್ತಿ ಇರಲಿಲ್ಲ. ಮಗಳ ಮನೆಯಲ್ಲಿ ಕೂತು ತಿನ್ನಲು ಮನಸ್ಸು ಬಾರದೆ ಕಲ್ಲುದಿಣ್ಣೆಯಲ್ಲಿ ಒಂದು ಗುಡಿಸಲು ಹಾಕಿಕೊಂಡು ಹಗ್ಗ ಹೊಸೆಯುತ್ತಿದ್ದ. ಶನಿವಾರದ ಊಟ ಮತ್ತೆ ಶುರುವಾಯಿತು. ವಿಚಾರಣೆಯಲ್ಲಿ ಬಾವಿಯ ಮಾತು ಬಂದಿತ್ತಾ ಎಂದು ಒಮ್ಮೆ ಕೇಳಿದ. ಅವಳು ಒಲೆ ಊದುತ್ತ, ನೆನಪಿಲ್ಲ ಅಂದಳು.

ಎರಡು ವರ್ಷ ಹಾಗೇ ಕಳೆಯಿತು. ಆಮೇಲೆ ಒಂದು ದಿನ ಅವನು ಕೋಲೂರಿಕೊಂಡು ನಡೆದು, ವರಲಕ್ಷ್ಮಮ್ಮನವರ ಗೇಟಿನ ಮುಂದೆ ನಿಂತು, ಬಾವಿ ನೋಡಬಹುದಾ ಎಂದು ಕೇಳಿದ. ಮುನಿರತ್ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವರ ಯಜಮಾನರು ಒಳಗೆ ಕರೆದರು. ಅವನು ಬಗ್ಗಿ ನೋಡಿ, ಇದನ್ನು ತೋಡಿದವನು ನಾನು ಎಂದ. ಯಜಮಾನರು ನಕ್ಕು, ಅವಮಾನ ಮಾಡುವ ನಗು ಏನಲ್ಲ, ಒಳಗಿನಿಂದ ಸೈಟಿನ ಕಾಗದಗಳನ್ನು ತಂದು ತೋರಿಸಿದರು. ಅದರಲ್ಲಿ ಬರೆದಿತ್ತು, ರೈಲ್ವೆ ಇಲಾಖೆಯವರು ಹಿಂದೆ ತೋಡಿಸಿದ ಬಾವಿ, ಸ್ಥಳೀಯರ ಹೇಳಿಕೆಯ ಪ್ರಕಾರ. ಕೋದಂಡಪ್ಪ ಓದಲು ಬಾರದವನು. ಅದನ್ನು ಎರಡು ಸಲ ಓದಿಸಿದ. ಬಟ್ಟೆ ಕಲ್ಲಿನ ಬಳಿ ಅವಳು ಕತ್ತೆತ್ತಲಿಲ್ಲ.

ಯಾವನೋ ಗುಮಾಸ್ತ ತಪ್ಪು ಬರೆದಿದ್ದಾನೆ ಎಂದುಕೊಂಡ ಅವನು. ತಿದ್ದಿಸಬೇಕೆಂಬ ಹಟ ಹುಟ್ಟಿತು. ಸೈಟು ಸಿಗುವುದಿಲ್ಲ ಎಂದು ಅವನಿಗೂ ಗೊತ್ತು. ಹೆಸರಾದರೂ ಸರಿಯಾಗಿರಲಿ, ಕದಿರಪ್ಪನ ಹೆಸರೂ ಬರಲಿ ಎಂದು ಹೇಳಿಕೊಂಡು, ವಾರಕ್ಕೊಮ್ಮೆ ತಾಲ್ಲೂಕು ಆಫೀಸಿಗೆ ನಡೆದು ಹೋಗುತ್ತಿದ್ದ. ಹೋಗುವಾಗ ಮೂರು ಕಡೆ ಕೂರುತ್ತಿದ್ದ, ಬರುವಾಗ ಐದು ಕಡೆ. ಕಡತ ನೋಡಬೇಕು, ಮುಂದಿನ ವಾರ ಬನ್ನಿ ಅನ್ನುತ್ತಿದ್ದರು. ಆದಿನಾರಾಯಣ ಎಂದೋ ವರ್ಗವಾಗಿ ಹೋಗಿದ್ದ. ಕಡತ ಸಿಕ್ಕರೆ ಅದರೊಳಗೆ ತನ್ನ ಹೆಬ್ಬೆಟ್ಟಿದೆ ಎಂಬುದು ಅವಳಿಗೆ ಗೊತ್ತು. ಸಿಗದೇ ಇರಲಿ ಎಂದು ಮೊದಮೊದಲು ಬೇಡಿಕೊಂಡಳು. ಅವನು ಎಂಟನೆಯ ಸಲ ಹೊರಟ ದಿನ ದಾರಿಯಲ್ಲಿ ಅಡ್ಡ ನಿಂತಳು.

ರಸ್ತೆ ಬದಿಯ ಮೋರಿಯ ಮೇಲೆ ಇಬ್ಬರೂ ಕೂತರು. ಅವಳು ಎಲ್ಲವನ್ನೂ ಹೇಳಿದಳು. ಪೊಲೀಸಿನವನ ಕಡಲೆಕಾಯಿಯಿಂದ ಹಿಡಿದು ಹೆಬ್ಬೆಟ್ಟು, ಅಧಿಕಾರಿ ಕೊಟ್ಟ ಒಂದು ತಿಂಗಳ ಗಡುವಿನವರೆಗೆ. ಕೋದಂಡಪ್ಪ ಕೋಲಿನ ತುದಿಯಲ್ಲಿ ನೆಲ ಗೀಚುತ್ತ ಕೇಳಿದ. ಒಂದು ರಾಗಿ ಗಾಡಿ ಹಾದು ಹೋಯಿತು.

"ಮದ್ದು ಕದ್ದಿದ್ದು ನಿಜ," ಎಂದ ಕೊನೆಗೆ. "ಮೂರು ತಿಂಗಳು ಒಳಗೆ ಆಕ್ತಿದ್ರೇನೋ. ಅದಕ್ಕೆ ನಾನು ಅಂಜ್ತಿದ್ದೆ ಅಂತ ಯಾಕಂದ್ಕಂಡೆ?"

"ರಕ್ತ ಕೆಮ್ತಿದ್ದೆ ಅಣ್ಣ."

"ಉಂ." ಗೀಚಿದ ಗೆರೆಯನ್ನು ಕಾಲಿನಿಂದ ಅಳಿಸಿದ. "ಅದಿರ್ಲಿ. ಗಾಬ್ರೀಲಿ ಅಂದಿದ್ದು. ಚಾಂಪಿಯನ್ ರೀಫ್‌ಗೆ ಬಂದಿದ್ಯಲ್ಲಮ್ಮ, ಬೆನ್ನು ಸವರ್ದೆ. ಅವತ್ತು ಕೇಳ್ಬೋದಾಗಿತ್ತು ನನ್ನ."

ಆ ದಿನವನ್ನು ಅವಳು ಐದು ವರ್ಷದಿಂದ ತಿರುಗಿಸಿ ಮುರುಗಿಸಿ ನೋಡಿದ್ದಳು, ಎಲ್ಲಿ ಹಿಡಿದರೂ ಅದು ತನ್ನ ಕೈಯಲ್ಲೇ ಇದ್ದ ದಿನ. ಹೆದರಿ ಆಡಿದ ಸುಳ್ಳನ್ನು ದೇವರು ಕ್ಷಮಿಸಿಯಾನು. ಆ ಕಾಫಿ ಕುಡಿದು ಎದ್ದು ಬಂದದ್ದನ್ನು ಅವಳಿಗೇ ಕ್ಷಮಿಸಲಾಗಿರಲಿಲ್ಲ.

ಕೋದಂಡಪ್ಪ ಎದ್ದ. ಆಫೀಸಿನ ಕಡೆ ಹೋಗಲಿಲ್ಲ, ದಿಣ್ಣೆಯ ಕಡೆ ತಿರುಗಿದ. ಬೇರೆ ಯಾರಿಗೂ ಹೇಳಬೇಡ, ದಿಣ್ಣೆಯವರು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಮಾತ್ರ ಹೇಳಿದ. ಆಮೇಲೆ ಅವಳೊಡನೆ ಮಾತು ಬಿಟ್ಟನೆಂದೇನೂ ಇಲ್ಲ. ಎದುರಾದರೆ ಕುಶಲ ಕೇಳುತ್ತಿದ್ದ. ಶನಿವಾರ ಮಾತ್ರ ಅವಳ ಬಾಗಿಲಿಗೆ ಬರಲಿಲ್ಲ. ಮೊದಲ ಶನಿವಾರ ಅವಳು ಎರಡು ಮುದ್ದೆ ಕಟ್ಟಿದಳು, ಎರಡನೆಯ ಶನಿವಾರವೂ. ಅರವತ್ತೈದರ ಬೇಸಿಗೆಯಲ್ಲಿ ಮಗಳು ಬಂದು ಅವನನ್ನು ಮತ್ತೆ ಕರೆದುಕೊಂಡು ಹೋದಳು, ಆ ದೀಪಾವಳಿಯ ಹೊತ್ತಿಗೆ ತೀರಿಕೊಂಡ ಸುದ್ದಿ ಬಂತು. ಮುನಿರತ್ನಮ್ಮ ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಅವನ ಮಾತಿಗೆ ಕಟ್ಟುಬಿದ್ದು ಇನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದಳು. ಅರವತ್ತಾರರಲ್ಲಿ ಒಂದು ಬೆಳಿಗ್ಗೆ ಪಾಪಕ್ಕ, ಅವಳು ಎಂದಿನಂತೆ ಜೊತೆಯಾಗಿ ಕೆಲಸಕ್ಕೆ ನಡೆಯುತ್ತಿದ್ದರು. ಪಾಪಕ್ಕನ ಮಂಡಿ ನೋವು ಹೆಚ್ಚಾಗಿತ್ತು, ಅಲ್ಲಲ್ಲಿ ನಿಲ್ಲುತ್ತಿದ್ದಳು. ನಮ್ಮ ಹಣೇಲಿ ಈ ಎರಡು ಮೈಲಿ ಬರೆದಿದ್ದ ದೇವರು ಎಂದು ಸುಮ್ಮನೆ ಅಂದಳು. ಮುನಿರತ್ನಮ್ಮನಿಗೆ ತಡೆಯಲಾಗಲಿಲ್ಲ. ನಡೆಯುತ್ತಲೇ ಹೇಳಿಬಿಟ್ಟಳು.

ಪಾಪಕ್ಕ ಬೈಯಲಿಲ್ಲ. ಬಡಾವಣೆಯ ಮೊದಲ ದೀಪದ ಕಂಬದವರೆಗೂ ಕುಂಟುತ್ತ ನಡೆದಳು. ಅಲ್ಲಿ ನಿಂತು, ಮಂಡಿ ಹಿಡಿದುಕೊಂಡು, "ಇಪ್ಪತ್ ಮೂರು ಮನೆ ಕಣೇ" ಎಂದಳು. ಅಷ್ಟು ಹೇಳಿ ತಾನು ಕೆಲಸಕ್ಕಿದ್ದ ಬೀದಿಗೆ ತಿರುಗಿದಳು.

ಅವಳು ದಿಣ್ಣೆಯಲ್ಲಿ ಯಾರಿಗಾದರೂ ಹೇಳಿದಳೋ ಇಲ್ಲವೋ ತಿಳಿಯಲಿಲ್ಲ, ಯಾರೂ ಬಂದು ಕೇಳಲಿಲ್ಲ. ಮಾರನೆಯ ದಿನದಿಂದ ಪಾಪಕ್ಕ ಅರ್ಧ ಗಂಟೆ ಮುಂಚೆ ಹೊರಡತೊಡಗಿದಳು. ಮುನಿರತ್ನಮ್ಮ ಹೊರಡುವ ಹೊತ್ತಿಗೆ ರಸ್ತೆಯ ತಿರುವಿನ ಹತ್ತಿರ ಅವಳ ಕಂದು ಸೀರೆ ಕಾಣುತ್ತಿತ್ತು, ಕುಂಟುತ್ತ ನಿಧಾನವಾಗಿ ಹೋಗುತ್ತಿತ್ತು. ಬೇಗ ನಡೆದರೆ ಹಿಡಿಯಬಹುದಿತ್ತು. ಅವಳು ಬೇಗ ನಡೆಯಲಿಲ್ಲ.